ಕೆಳಗೆ 1.2, ಮೇಲೆ 3

ಮಳೆಗಾಲಕ್ಕೆ ಮುಂಚೆ ನಮ್ಮ ಬೀದಿಯ ಹುಡುಗಿಯೊಬ್ಬಳು ತನ್ನ ಮನೆಯ ತಾರಸಿಗೆ ಕರೆದಳು. ಎಂಜಿನಿಯರಿಂಗ್ ಓದುತ್ತಿರುವವಳು, ಹ್ಯಾಮ್ ರೇಡಿಯೋ ಪರವಾನಗಿ ಆಗಷ್ಟೇ ಕೈಸೇರಿತ್ತು. ನೀರಿನ ಟ್ಯಾಂಕಿನ ಪಕ್ಕದಲ್ಲಿ ಕಬ್ಬಿಣದ ಪೈಪು ನಿಲ್ಲಿಸಿ ಅದರ ತುದಿಗೆ 2 ಮೀಟರ್ ಬ್ಯಾಂಡಿನ ಆಂಟೆನಾ ಕಟ್ಟಿದ್ದಳು. ಆಂಟೆನಾ ಹೊಸದು, ಕೇಬಲ್ ಹಳೆಯದು. ಯಾರೋ ಬಿಚ್ಚಿಟ್ಟಿದ್ದ 30 ಮೀಟರ್ ಆರ್‌ಜಿ-58 ಅದು. ಇನ್ನೂ ಕೋಣೆಗೆ ಇಳಿಸದೆ ಸುರುಳಿಯಾಗಿ ತಾರಸಿಯಲ್ಲೇ ಬಿದ್ದಿತ್ತು. ಅದರ ಈಚೆ ತುದಿಗೆ ನ್ಯಾನೋ-ವಿಎನ್‌ಎ ಎಂಬ ಅಂಗೈಯಗಲದ ಅಳತೆಯ ಉಪಕರಣ ಸಿಕ್ಕಿಸಿ ಪರದೆಯನ್ನು ನನ್ನತ್ತ ತಿರುಗಿಸಿದಳು. “ನೋಡಿ ಅಂಕಲ್, ಎಸ್‌ಡಬ್ಲ್ಯೂಆರ್ 1.3. ಎಲ್ಲೂ ಏರೋದೇ ಇಲ್ಲ!”

ಕಳಿಸಿದ ಶಕ್ತಿಯಲ್ಲಿ ಎಷ್ಟು ಮರಳಿ ಬರುತ್ತಿದೆ ಎಂದು ಹೇಳುವ ಅಂಕೆ ಅದು, 1 ಎಂದರೆ ಏನೂ ಮರಳುತ್ತಿಲ್ಲ. ಏರುವುದೇ ಇಲ್ಲ ಎಂಬುದೇ ನನ್ನನ್ನು ಕಾಡಿತು. ಒಳ್ಳೆಯ ಆಂಟೆನಾ ತನ್ನ ಆವರ್ತನದ ಬಳಿ ಗೆರೆಯನ್ನು ಕೆಳಗಿಳಿಸುತ್ತದೆ, ಅದರ ಎರಡೂ ಮಗ್ಗುಲಲ್ಲಿ ಮೇಲೇರಿಸುತ್ತದೆ. ಇಲ್ಲಿ 130ರಿಂದ 170 ಮೆಗಾಹರ್ಟ್ಸ್‌ವರೆಗೆ ಗೆರೆ ಮಟ್ಟಸವಾಗಿ ಮಲಗಿತ್ತು. “ಆಂಟೆನಾ ಬಿಚ್ಚಿ ನೋಡಮ್ಮ” ಎಂದೆ. ಬಿಚ್ಚಿದಳು. ಕೇಬಲ್ಲಿನ ಆಚೆ ತುದಿ ಈಗ ಬರಿದು. ಹೋದದ್ದೆಲ್ಲ ಮರಳಿ ಬರಬೇಕು, ಅಂಕೆ ಪರದೆಯ ಮಿತಿ ಮೀರಿ ಏರಬೇಕು. ಪರದೆ 1.7 ತೋರಿಸಿತು. ಆಂಟೆನಾ ಇಲ್ಲದೆಯೂ ಅದು ‘ಪರವಾಗಿಲ್ಲ’ ಎನ್ನುವಂಥ ಅಂಕೆಯೇ. ಅವಳು ಒಮ್ಮೆ ಕೈಯಲ್ಲಿದ್ದ ಆಂಟೆನಾವನ್ನು, ಒಮ್ಮೆ ಪರದೆಯನ್ನು ನೋಡುತ್ತ ನಿಂತಳು. ಅವಳಿಗೆ ಉತ್ತರ ಹೇಳುವುದಕ್ಕೆ ಮೊದಲೇ ನನ್ನ ಮನಸ್ಸು ಘಟ್ಟದ ಒಂದು ಗುಡ್ಡ ಹತ್ತಿಯಾಗಿತ್ತು.

ಅದು 1980ರ ದಶಕದ ಮೊದಲ ವರ್ಷಗಳು. ಸರ್ಕಾರದ ಒಂದು ಇಲಾಖೆಯ ವೈರ್‌ಲೆಸ್ ವಿಭಾಗದಲ್ಲಿ ನಾನು ಹೊಸ ಟೆಕ್ನಿಷಿಯನ್. ಮಲೆನಾಡಿನ ಒಂದು ಗುಡ್ಡದ ನೆತ್ತಿಯಲ್ಲಿ ಹೆಂಚಿನ ಎರಡು ಕೋಣೆ, ಬ್ಯಾಟರಿಗಳ ಸಾಲು, 25 ವ್ಯಾಟ್‌ನ ವಿಎಚ್‌ಎಫ್ ಸೆಟ್ಟು, ಹೊರಗೆ 30 ಮೀಟರ್ ಎತ್ತರದ ಟವರ್. ಕೆಳಗಿನ ಕಣಿವೆಗಳಲ್ಲಿ ಹೊಳೆದಂಡೆಯ ಹೊರಠಾಣೆಗಳಿದ್ದವು. ಅಲ್ಲಿಯವರು ದಿನಾ ಬೆಳಿಗ್ಗೆ ಎಷ್ಟು ಮಳೆ ಬಿತ್ತು, ಹೊಳೆ ಎಷ್ಟು ಏರಿದೆ ಎಂದು ಹೇಳಬೇಕು. ನಾವು ಅದನ್ನು ಜಿಲ್ಲಾ ಕೇಂದ್ರಕ್ಕೆ ದಾಟಿಸಬೇಕು. ಟೆಲಿಫೋನ್ ತಂತಿಯ ಮೇಲೆ ಮರ ಬಿದ್ದರೆ ಆ ಊರುಗಳಿಗೆ ನಾವೊಬ್ಬರೇ ದಾರಿ.

ನಿಲಯದ ಮುಖ್ಯಸ್ಥರು ಸೇನೆಯ ಸಿಗ್ನಲ್ಸ್ ದಳದಿಂದ ನಿವೃತ್ತರಾಗಿ ಬಂದವರು. ಎಲ್ಲರೂ ‘ಸುಬೇದಾರ್ ಸಾಹೇಬ್ರು’ ಅನ್ನುತ್ತಿದ್ದರು. ಸೆಟ್ಟಿನ ಮೇಲೆ ಧೂಳಿನ ಒಂದು ಕಣ ಕಂಡರೂ ಸಹಿಸದವರು. ವಾರಕ್ಕೊಮ್ಮೆ ಅವರೇ ಎದ್ದು ಕೇಬಲ್ಲಿಗೂ ಸೆಟ್ಟಿಗೂ ನಡುವೆ ವ್ಯಾಟ್‌ಮೀಟರ್ ಜೋಡಿಸುತ್ತಿದ್ದರು. ಮೀಟರಿನ ಎದೆಯಲ್ಲಿ ಬಾಣದ ಗುರುತಿನ ದುಂಡನೆಯ ಎಲಿಮೆಂಟ್ ಇರುತ್ತದೆ. ಬಾಣ ಆಂಟೆನಾದ ಕಡೆಗಿದ್ದರೆ ಹೋಗುವ ಶಕ್ತಿ ತಿಳಿಯುತ್ತದೆ, ತಿರುಗಿಸಿ ಸೆಟ್ಟಿನ ಕಡೆಗಿಟ್ಟರೆ ಮರಳಿ ಬರುವ ಶಕ್ತಿ. ಮರಳುವುದನ್ನು ಅಳೆಯುವಾಗ ಅವರು ಚಿಕ್ಕ ಎಲಿಮೆಂಟನ್ನೇ ಹಾಕುತ್ತಿದ್ದರು. ಇಂಥ ಮೀಟರಿನ ತಪ್ಪಿನ ಮಿತಿ ಪೂರ್ಣ ಅಳತೆಯ ಶೇಕಡಾ 5ರಷ್ಟು. 25 ವ್ಯಾಟ್‌ನ ಎಲಿಮೆಂಟಿನಲ್ಲಿ ಕಾಲು ವ್ಯಾಟ್ ಹುಡುಕಿದರೆ ಮುಳ್ಳು ಹೇಳುವುದನ್ನು ನಂಬುವಂತಿಲ್ಲ. ಈ ಶಿಸ್ತನ್ನು ಕಲಿಸಿದವರು ಅವರೇ, ಆ ಋಣ ಇಂದಿಗೂ ಇದೆ. ಎರಡೂ ಅಂಕೆ ಬರೆದು, ಪಟ್ಟಿ ನೋಡಿ ಎಸ್‌ಡಬ್ಲ್ಯೂಆರ್ ಕಂಡುಕೊಂಡು, ಲಾಗ್‌ಬುಕ್ಕಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ತುಂಬಿ, ಕೆಳಗೆ ಸಹಿ ಹಾಕಿದ ಮೇಲೆಯೇ ಅವರಿಗೆ ಚಹಾ.

ಆ ಅಂಕೆಯ ಅರ್ಥ ನನಗೆ ಮೊದಲು ಕಣ್ಣಿಗೆ ಕಂಡದ್ದು ತರಬೇತಿಯಲ್ಲಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಎರಡು ಬರಿ ತಾಮ್ರದ ತಂತಿಗಳನ್ನು ಸಮಾಂತರವಾಗಿ ಎಳೆದು ಕಟ್ಟಿದ್ದರು. ಒಂದು ತುದಿಗೆ 150 ಮೆಗಾಹರ್ಟ್ಸ್‌ನ ಆಸಿಲೇಟರ್. ಇನ್ನೊಂದು ತುದಿ ಬರಿದು. ಬೋಧಕರು ನಿಯಾನ್ ಬಲ್ಬನ್ನು ತಂತಿಗಳಿಗೆ ಮುಟ್ಟಿಸಿ ಮೆಲ್ಲಗೆ ಸರಿಸುತ್ತ ಹೋದರು. ಒಂದೆಡೆ ಹೊತ್ತಿಕೊಂಡಿತು, ಮುಂದೆ ಆರಿತು, ಮತ್ತೆ ಹೊತ್ತಿತು. ಒಂದು ಬೆಳಕಿನಿಂದ ಮುಂದಿನ ಬೆಳಕಿಗೆ ಅರ್ಧ ತರಂಗಾಂತರ, ಅಂದರೆ ಆ ಆವರ್ತನಕ್ಕೆ 1 ಮೀಟರ್. 1890ರ ಹೊತ್ತಿಗೆ ಆಸ್ಟ್ರಿಯಾದ ಅರ್ನ್ಸ್ಟ್ ಲೆಖರ್ ತೋರಿಸಿದ ಪ್ರಯೋಗ ಇದು. ಬಾವಿಯ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಬಿಗಿದು ಇನ್ನೊಂದನ್ನು ಜಾಡಿಸಿದರೆ ಅಲೆ ಕಂಬದವರೆಗೆ ಹೋಗಿ ಕೈಗೇ ಮರಳುತ್ತದಲ್ಲ, ತಂತಿಯಲ್ಲಿ ನಡೆಯುವುದೂ ಅದೇ. ಹೋಗುವ ಅಲೆ ಮತ್ತು ಮರಳುವ ಅಲೆ ಒಂದರ ಮೇಲೊಂದು ಬಿದ್ದು ಕೆಲವು ಕಡೆ ವೋಲ್ಟೇಜ್ ಉಬ್ಬುತ್ತದೆ, ಕೆಲವು ಕಡೆ ಕುಗ್ಗುತ್ತದೆ. ಅತಿ ಹೆಚ್ಚನ್ನು ಅತಿ ಕಡಿಮೆಯಿಂದ ಭಾಗಿಸಿದರೆ ಬರುವುದೇ ಎಸ್‌ಡಬ್ಲ್ಯೂಆರ್.

ನಮ್ಮ ಕೇಬಲ್ಲಿನ ಇಂಪೀಡೆನ್ಸ್ 50 ಓಮ್. ಆಂಟೆನಾವೂ 50 ಓಮ್ ಇದ್ದರೆ ಬಂದದ್ದನ್ನೆಲ್ಲ ಅದು ತೆಗೆದುಕೊಳ್ಳುತ್ತದೆ, ಅಂಕೆ 1 ಆಗುತ್ತದೆ. ಎರಡರ ನಡುವೆ ಹೊಂದಾಣಿಕೆ ತಪ್ಪಿದಷ್ಟೂ ಮರಳುವ ಪಾಲು ಹೆಚ್ಚು: 1.5 ಆದರೆ ನೂರಕ್ಕೆ 4, 2 ಆದರೆ 11, 3 ಆದರೆ 25. ಈ ಪಟ್ಟಿ ಸುಬೇದಾರ್ ಸಾಹೇಬರಿಗೆ ಬಾಯಿಪಾಠ. ಅವರ ಮೇಜಿನ ಡ್ರಾಯರಿನಲ್ಲಿ ಸ್ಮಿತ್ ಚಾರ್ಟ್‌ನ ಹಾಳೆಗಳೂ ಇದ್ದವು. ಬೆಲ್ ಲ್ಯಾಬ್ಸ್‌ನ ಫಿಲಿಪ್ ಸ್ಮಿತ್ 1939ರಲ್ಲಿ ಪ್ರಕಟಿಸಿದ ಆ ವೃತ್ತಗಳ ನಕ್ಷೆಯ ಮೇಲೆ ಕೈವಾರ ಇಟ್ಟು ಆಂಟೆನಾದ ಹಣೆಬರಹ ಓದುವುದನ್ನು ಅವರು ಸಂಜೆಯ ಹೊತ್ತು ನನಗೆ ಕಲಿಸುತ್ತಿದ್ದರು. ಕ್ಯಾಲ್ಕುಲೇಟರ್ ಇಲ್ಲದ ಗುಡ್ಡದ ಮೇಲೆ ಕಷ್ಟದ ಲೆಕ್ಕಗಳು ಪೆನ್ಸಿಲ್ಲಿನ ಒಂದು ಸುತ್ತಿನಲ್ಲಿ ಬಿಡಿಸಿಕೊಳ್ಳುವುದನ್ನು ನೋಡುವುದು ನನಗೆ ದೊಡ್ಡ ಸಂತೋಷವಾಗಿತ್ತು.

ನಿಲಯದಲ್ಲಿ ಇನ್ನೊಬ್ಬರಿದ್ದರು. ದಿನಗೂಲಿಯ ಮೇಲೆ ಟವರ್ ಹತ್ತುವವರು, ನಮಗೆಲ್ಲ ಅಣ್ಣ. ಅದಕ್ಕೆ ಮುಂಚೆ ಅವರು ಕೊನೆಗೌಡರಾಗಿದ್ದರು. ಅಡಿಕೆ ತೋಟಗಳಲ್ಲಿ ಒಂದು ಮರದ ತಲೆ ಬಾಗಿಸಿ ಇನ್ನೊಂದಕ್ಕೆ ದಾಟುತ್ತ ಕೊನೆ ಇಳಿಸುತ್ತಿದ್ದವರು. ಓದು ನಾಲ್ಕನೇ ಇಯತ್ತೆಗೆ ನಿಂತಿತ್ತು. ಆದರೆ ಕನೆಕ್ಟರ್ ಬಿಚ್ಚಿ ಒಳಗಿನ ಜಾಲರಿಯನ್ನು ಬೆರಳಿನಲ್ಲಿ ಉಜ್ಜಿ ನೋಡಿದರೆ ಅದರ ವಯಸ್ಸು ಹೇಳುತ್ತಿದ್ದರು. ಹೊಸ ತಾಮ್ರ ಹೇಗೆ ಹೊಳೆಯುತ್ತದೆ, ನೀರು ಹೊಕ್ಕ ತಾಮ್ರ ಮೊದಲು ಹೇಗೆ ಮಂಕಾಗಿ ಆಮೇಲೆ ಹಸಿರು ತಿರುಗುತ್ತದೆ ಎಂದು ನಾನು ಕಲಿತದ್ದು ಅವರ ಅಂಗೈಯಲ್ಲಿ.

ಆ ವರ್ಷದ ಮಳೆ ಜೂನ್‌ನಲ್ಲಿ ಹಿಡಿದದ್ದು ಬಿಡಲಿಲ್ಲ. ಜುಲೈ ನಡುವಿಗೆ ಹೊರಠಾಣೆಗಳಿಂದ ದೂರು ಶುರುವಾಯಿತು. “ನಿಮ್ಮ ದನಿ ಕೇಳ್ತಾ ಇಲ್ಲ ಸಾರ್, ಬರೀ ಜೊಯ್ ಅನ್ನುತ್ತೆ.” ಅವರ ದನಿಯೂ ನಮಗೆ ಕ್ಷೀಣವಾಗಿಯೇ ಬರುತ್ತಿತ್ತು. ಅದರಿಂದಲೇ ಸಾಹೇಬರು ತೀರ್ಮಾನಕ್ಕೆ ಬಂದರು: ದೋಷ ಕೆಳಗಿನವರದು. ಬ್ಯಾಟರಿ ಚಾರ್ಜ್ ಮಾಡುತ್ತಿಲ್ಲ, ಸೆಟ್ಟನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ. ಲಾಗ್‌ಬುಕ್ ಅವರ ಪರವಾಗಿತ್ತು. ಬೇಸಗೆಯಲ್ಲಿ 1.3 ಇದ್ದ ಎಸ್‌ಡಬ್ಲ್ಯೂಆರ್ ಈಗ 1.2ಕ್ಕೆ ಇಳಿದಿತ್ತು. ಸುಧಾರಿಸಿದ ಆಂಟೆನಾದ ಮೇಲೆ ಅನುಮಾನ ಪಡುವುದು ಹೇಗೆ? ಹೊರಠಾಣೆಗಳಿಗೆ ಕಟುವಾದ ಮೆಮೋ ಹೋಯಿತು. ಹೊಳೆದಂಡೆಯ ಒಬ್ಬ ಆಪರೇಟರ್ ಮಳೆಯಲ್ಲೇ ಗಂಟೆಗಟ್ಟಲೆ ನಡೆದು ಬಂದು, ತನ್ನ ಬ್ಯಾಟರಿಯನ್ನು ನಮ್ಮ ಮೀಟರಿನಲ್ಲೇ ಅಳೆಯಿಸಿ, ಅದು ಸರಿಯಿದೆ ಎಂಬ ಚೀಟಿ ಬರೆಸಿಕೊಂಡು ಹೋದ. ಎಷ್ಟು ಅವಮಾನವಾಗಿದ್ದರೆ ಆ ದಾರಿ ನಡೆದಾನು!

ಆತ ಹೋದ ಮೇಲೆ ಅಣ್ಣ ನನ್ನ ಹತ್ತಿರ ಬಂದು ಹೇಳಿದರು: “ಸಾರ್, ನೀವು ಅಳೀತಾ ಇರೋದು ಇಲ್ಲಿ. ಆಂಟೆನಾ ಇರೋದು ಅಲ್ಲಿ. ಆ ಮೀಟರ್ ಕೊಡಿ, ಮೇಲೆ ತಗೊಂಡು ಹೋಗಿ ಇಟ್ಟು ನೋಡ್ತೆ.” ಸಾಹೇಬರು ಮೊದಲು ಗದರಿದರು. ಅಷ್ಟು ಬೆಲೆಯ ಮೀಟರ್ ಟವರ್ ಹತ್ತುವ ವಸ್ತುವಲ್ಲ. ಮಳೆ ಹೊಳವಾದ ಒಂದು ಮಧ್ಯಾಹ್ನ ಕೊನೆಗೂ ಒಪ್ಪಿದರು. ಅಣ್ಣ ಮೀಟರನ್ನು ಗೋಣಿಚೀಲದಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಹತ್ತಿದರು. ಎಲಿಮೆಂಟ್ ಯಾವಾಗ ಬದಲಿಸಬೇಕು, ಬಾಣ ಯಾವ ಕಡೆ ಎಂದು ನಾನು ಹೇಳಿಕೊಡಲು ಹೋದರೆ, ವಾರವಾರ ನೋಡಿದ್ದೇನೆ ಬಿಡಿ ಎಂದರು. ನಾನು ಕೆಳಗೆ ಸೆಟ್ಟಿನ ಗುಂಡಿ ಒತ್ತಿ ಹಿಡಿದೆ. ಮೇಲಿನಿಂದ ಕೂಗು ಬಂತು: “ಹೋಗೋದು ಐದು! ವಾಪಸ್ಸು ಒಂದೂಕಾಲು!”

ಸಾಹೇಬರು ಪೆನ್ಸಿಲ್ ತೆಗೆದುಕೊಂಡು ಕೂತರು. ಆ ಲೆಕ್ಕ ನನಗೆ ಈಗಲೂ ಅಚ್ಚೊತ್ತಿದಂತಿದೆ. ಸೆಟ್ಟಿನಿಂದ ಹೊರಟದ್ದು 25 ವ್ಯಾಟ್. 40 ಮೀಟರ್ ಕೇಬಲ್ ಹೊಸದಾಗಿದ್ದಾಗಲೂ ಆ ಆವರ್ತನದಲ್ಲಿ ಸುಮಾರು ಅರ್ಧವನ್ನು ತಿನ್ನುತ್ತಿತ್ತು. ನೀರು ಕುಡಿದ ಮೇಲೆ ಐದರಲ್ಲಿ ನಾಲ್ಕು ಪಾಲನ್ನು ತಿನ್ನತೊಡಗಿತ್ತು. ತುದಿ ಮುಟ್ಟಿದ್ದು 5 ವ್ಯಾಟ್. ಕೆಟ್ಟ ಆಂಟೆನಾ ಅದರಲ್ಲಿ ಕಾಲು ಭಾಗವನ್ನು, 1.25 ವ್ಯಾಟನ್ನು, ತಿರಸ್ಕರಿಸಿತು. ಮರಳಿ ಇಳಿಯುವಾಗ ಆ 1.25ನ್ನೂ ಕೇಬಲ್ ಅದೇ ಪ್ರಮಾಣದಲ್ಲಿ ತಿಂದು ಕೆಳಗಿನ ಮೀಟರಿಗೆ ಒಪ್ಪಿಸಿದ್ದು ಕಾಲು ವ್ಯಾಟ್. 25ಕ್ಕೆ ಕಾಲು ಎಂದರೆ ನೂರಕ್ಕೆ ಒಂದು. ಪಟ್ಟಿಯಲ್ಲಿ ಅದರ ಎದುರು ಇರುವ ಅಂಕೆ 1.2. ಮೇಲೆ ನಿಜವಾದ ಎಸ್‌ಡಬ್ಲ್ಯೂಆರ್ 3. ಕೇಬಲ್ ಕೆಟ್ಟಷ್ಟೂ ಲಾಗ್‌ಬುಕ್ ಚೆಂದವಾಗುತ್ತ ಬಂದಿತ್ತು. ಹೊರಠಾಣೆಗಳ ದನಿ ನಮಗೆ ಕ್ಷೀಣವಾಗಿ ಕೇಳಲೂ ಅದೇ ಕೇಬಲ್ ಕಾರಣ. ಅವರ ಸಂಕೇತವೂ ಅದರಲ್ಲೇ ಇಳಿದು ಬರಬೇಕಲ್ಲ.

ಆಮೇಲೆ ಬಿಚ್ಚಿ ನೋಡಿದಾಗ ಮೇಲ್ತುದಿಯ ಕನೆಕ್ಟರ್‌ಗೆ ಸುತ್ತಿದ್ದ ಟೇಪು ಬೇಸಗೆಯ ಬಿಸಿಲಿಗೆ ಸೀಳಿತ್ತು. ಮಳೆನೀರು ಅಲ್ಲಿಂದ ಒಳಹೊಕ್ಕು ಜಾಲರಿಯ ಸಂದುಗಳಲ್ಲಿ ಜಿನುಗುತ್ತ ಬಹುದೂರ ಇಳಿದಿತ್ತು. ಕೇಬಲನ್ನು ಮಧ್ಯದಲ್ಲಿ ಕತ್ತರಿಸಿದರೆ ಅಲ್ಲೂ ಹಸಿರು. ಹೊಸ ಕೇಬಲ್ ಬಂದಾಗ ಅಣ್ಣ ಕನೆಕ್ಟರ್‌ಗೆ ಗ್ರೀಸ್ ಹಚ್ಚಿ, ಟೇಪಿನ ಮೇಲೆ ಎಂ-ಸೀಲ್ ಮೆತ್ತಿದರು. ಕೋಣೆಗೆ ಒಳಬರುವ ಕಡೆ ಕೇಬಲನ್ನು ಕಿಂಡಿಗಿಂತ ಕೆಳಗೆ ಜೋಲುಬಿಟ್ಟು ಮತ್ತೆ ಮೇಲೆತ್ತಿದರು, ನೀರು ಜೋಲಿನ ತಳದಲ್ಲೇ ತೊಟ್ಟಿಕ್ಕಿ ಹೋಗಲಿ ಎಂದು. ಹೊಳೆದಂಡೆಯವರು ಮೊದಲ ದಿನವೇ “ಈಗ ಪಕ್ಕದಲ್ಲಿ ಕೂತು ಮಾತಾಡ್ದಂಗಿದೆ ಸಾರ್” ಎಂದರು.

ಈ ವಯಸ್ಸಿನಲ್ಲಿ ನಿಂತು ನೋಡಿದರೆ ಸಾಹೇಬರ ಬಗ್ಗೆ ನನ್ನಲ್ಲಿ ಎರಡು ಮಾತಿವೆ. ಮರಳಿ ಬಂದ ಶಕ್ತಿಯೆಲ್ಲ ಸುಟ್ಟು ಹೋಯಿತು, ಅಂಕೆ 1ಕ್ಕೆ ಹತ್ತಿರವಾದಷ್ಟೂ ದನಿ ದೂರ ಹೋಗುತ್ತದೆ ಎಂದು ಅವರು ದೃಢವಾಗಿ ನಂಬಿದ್ದರು. ಇದು ಅವರೊಬ್ಬರ ನಂಬಿಕೆಯಲ್ಲ. ಆ ಕಾಲದ ರೇಡಿಯೋ ಕೆಲಸಗಾರರಲ್ಲಿ ಬಹುಪಾಲು ಜನರ ನಂಬಿಕೆ. ಟೈರೋಸ್ ಹವಾಮಾನ ಉಪಗ್ರಹಗಳ ಆಂಟೆನಾಗಳ ಮೇಲೆ ಕೆಲಸ ಮಾಡಿದ್ದ ಅಮೆರಿಕದ ಎಂಜಿನಿಯರ್ ವಾಲ್ಟರ್ ಮ್ಯಾಕ್ಸ್‌ವೆಲ್ 1973ರಿಂದ ‘ಕ್ಯೂಎಸ್‌ಟಿ’ ಪತ್ರಿಕೆಯಲ್ಲಿ ಲೇಖನಮಾಲೆ ಬರೆದು ಇದನ್ನು ತಿದ್ದಲು ಹೆಣಗಿದ್ದರು. ಮರಳಿದ ಅಲೆ ಹೊಂದಾಣಿಕೆಯ ಸರ್ಕ್ಯೂಟಿನಿಂದ ಮತ್ತೆ ಆಂಟೆನಾದ ಕಡೆಗೇ ತಿರುಗುತ್ತದೆ. ಶಕ್ತಿ ನಷ್ಟವಾಗುವುದು ತಂತಿಯ ಸವೆತದಲ್ಲಿ, ಮರಳಿದ್ದರಿಂದಲೇ ಅಲ್ಲ. ತಂತಿ ಒಳ್ಳೆಯದಿದ್ದರೆ 2 ಅಥವಾ 3ಕ್ಕೆ ಹೆದರಬೇಕಿಲ್ಲ ಎಂಬುದು ಅವರ ವಾದ. ನಾನು ಅದನ್ನು ಓದಿದ್ದು ಗುಡ್ಡ ಬಿಟ್ಟು ಬಹುಕಾಲದ ಮೇಲೆ. ಟ್ರಾನ್ಸಿಸ್ಟರ್ ಸೆಟ್ಟುಗಳು ಹೆಚ್ಚಿನ ಪ್ರತಿಫಲನ ತಾಳಲಾರವು, ಹಾಗಾಗಿ ಸಾಹೇಬರ ಭಯಕ್ಕೆ ಒಂದು ಆಧಾರವಿತ್ತು. ಆದರೆ ಸೆಟ್ಟಿಗೆ ಕ್ಷೇಮವಾದ ಅಂಕೆ ಬೇರೆ, ದನಿ ತಲುಪಿದೆಯೆಂಬ ಅಂಕೆ ಬೇರೆ. ಮೊದಲನೆಯದನ್ನು ಅಳೆದು ಎರಡನೆಯದು ತಿಳಿಯಿತೆಂದು ಅವರು ಭಾವಿಸಿದ್ದರು. ಬರಿ ರೆಸಿಸ್ಟರ್ ತುಂಬಿದ ಡಮ್ಮಿ ಲೋಡ್ ಜೋಡಿಸಿದರೂ ಎಸ್‌ಡಬ್ಲ್ಯೂಆರ್ 1 ಬರುತ್ತದೆ. ಅದರಿಂದ ಪಕ್ಕದ ಊರಿಗೂ ಮಾತು ಹೋಗುವುದಿಲ್ಲ.

ಆದರೂ ಅವರ ಮೇಲಿನ ಗೌರವ ಕಡಿಮೆಯಾಗಿಲ್ಲ. ಲೆಕ್ಕ ಮುಗಿದ ಸಂಜೆ ಅವರು ಮಾಡಿದ ಮೊದಲ ಕೆಲಸ ಹೊರಠಾಣೆಗಳಿಗೆ ಕಳಿಸಿದ್ದ ಮೆಮೋಗಳನ್ನು ಹಿಂತೆಗೆದುಕೊಳ್ಳುವ ಪತ್ರ ಬರೆದದ್ದು. ಮಳೆಯಲ್ಲಿ ನಡೆದು ಬಂದಿದ್ದ ಆಪರೇಟರ್‌ಗೆ ಪ್ರತ್ಯೇಕವಾಗಿ ಬರೆದರು. ಅಂಥ ಪತ್ರ ಬರೆದ ಮೇಲಧಿಕಾರಿಗಳನ್ನು ನಾನು ಆಮೇಲಿನ ನೌಕರಿಯಲ್ಲಿ ಹೆಚ್ಚು ಕಾಣಲಿಲ್ಲ.

ಅಣ್ಣನ ವಿಷಯದಲ್ಲಿ ನನ್ನ ನೋಟ ಬದಲಾಗಿರುವುದು ಇನ್ನೊಂದು ರೀತಿಯಲ್ಲಿ. ಬೆಲ್ಟಿಲ್ಲದೆ, ಸೊಂಟಕ್ಕೊಂದು ತೆಂಗಿನ ನಾರಿನ ಹಗ್ಗ ಸುತ್ತಿಕೊಂಡು ಅವರು ಟವರ್ ಏರುವುದನ್ನು ನಾವು ಕೆಳಗೆ ನಿಂತು ಮೆಚ್ಚುತ್ತಿದ್ದೆವು. ಅದು ಮೆಚ್ಚುವ ಸಂಗತಿಯಾಗಿರಲಿಲ್ಲ. ಮೀಟರಿನ ಬೆಲೆಗೆ ಅಂಜಿದ ವ್ಯವಸ್ಥೆ ಅದನ್ನು ಹೊತ್ತು ಹತ್ತುವವರ ಜೀವಕ್ಕೆ ಒಂದು ಬೆಲ್ಟ್ ಕೊಡಲಿಲ್ಲ. ಕಾಯಂ ಆಗುವ ಆಸೆಯಲ್ಲೇ ಅವರ ವಯಸ್ಸು ಕಳೆಯಿತು. ಕೊನೆಗೆ ತೋಟದ ಕೆಲಸಕ್ಕೇ ಮರಳಿದರು. ಕೇಬಲ್ ಬದಲಿಸಿದ ವರದಿಯ ನಮೂನೆಯಲ್ಲಿ ಅಳತೆ ಮಾಡಿದ ಅಧಿಕಾರಿಯ ಹೆಸರಿಗೆ ಒಂದು ಸಾಲಿತ್ತು. ದಿನಗೂಲಿಯವರ ಹೆಸರಿಗೆ ಸಾಲು ಇರಲಿಲ್ಲ.

ಆ ಬಗೆಯ ನಿಲಯಗಳ ಕಾಲ ಮುಗಿದಿದೆ. ಈಗ ಘಟ್ಟದ ಗುಡ್ಡಗಳ ಮೇಲೆ ಮೊಬೈಲ್ ಟವರ್‌ಗಳು ನಿಂತಿವೆ. ಅವುಗಳಲ್ಲಿ ರೇಡಿಯೋವನ್ನೇ ಆಂಟೆನಾದ ಬೆನ್ನಿಗೆ ಮೇಲೆ ಕಟ್ಟಿರುತ್ತಾರೆ. ಕೆಳಗಿನಿಂದ ಹತ್ತುವುದು ವಿದ್ಯುತ್ ಮತ್ತು ಬೆಳಕಿನ ನಾರು. ಶಕ್ತಿಯನ್ನು ತಿನ್ನುವ ಉದ್ದದ ಕೋಯಾಕ್ಸ್ ಕೇಬಲ್ ಇಲ್ಲ, ಅಳತೆಯೂ ಆಂಟೆನಾದ ಹತ್ತಿರವೇ ನಡೆಯುತ್ತದೆ. ಪ್ರತಿಫಲನ ಮಿತಿ ಮೀರಿದರೆ ವಿಎಸ್‌ಡಬ್ಲ್ಯೂಆರ್ ಅಲಾರ್ಮ್ ದೂರದ ನಗರದ ಪರದೆಯಲ್ಲಿ ತಾನಾಗಿ ಬೀಳುತ್ತದೆ. ಕೇಬಲ್ ಇರುವ ಕಡೆ, ದೋಷ ತುದಿಯಿಂದ ಎಷ್ಟು ಮೀಟರ್ ದೂರದಲ್ಲಿದೆ ಎಂದು ಹೇಳುವ ಉಪಕರಣಗಳಿವೆ: ಸಂಕೇತ ಹೋಗಿ ಮರಳಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಅವು ದೂರವನ್ನು ಲೆಕ್ಕ ಹಾಕುತ್ತವೆ. ಆಗ ಇಲಾಖೆಗಳಿಗೂ ಎಟುಕದಿದ್ದ ವೆಕ್ಟರ್ ನೆಟ್‌ವರ್ಕ್ ಅನಲೈಸರ್, ಅಂದರೆ ವಿಎನ್‌ಎ, ಇಂದು ಕೆಲವು ಸಾವಿರ ರೂಪಾಯಿಗೆ ವಿದ್ಯಾರ್ಥಿನಿಯ ಚೀಲದಲ್ಲಿದೆ, ಸ್ಮಿತ್ ಚಾರ್ಟನ್ನು ತಾನೇ ಬರೆದು ತೋರಿಸುತ್ತದೆ. ನನ್ನ ಕಾಲವೇ ಚೆನ್ನಾಗಿತ್ತು ಎನ್ನುವ ಮನಸ್ಸು ನನಗಿಲ್ಲ. ಇಂಥದ್ದೊಂದು ನಮ್ಮ ಗುಡ್ಡದಲ್ಲಿದ್ದಿದ್ದರೆ ಆ ಆಪರೇಟರ್ ಮಳೆಯಲ್ಲಿ ನಡೆಯಬೇಕಿರಲಿಲ್ಲ.

ಆದರೆ ಉಪಕರಣ ಎಷ್ಟು ಜಾಣವಾದರೂ ಅದು ತಾನು ನಿಂತ ಜಾಗದ ಸತ್ಯವನ್ನೇ ಹೇಳುತ್ತದೆ. ಅಳೆಯುವ ಮುನ್ನ ಬರಿದು, ಶಾರ್ಟ್ ಮಾಡಿದ್ದು, 50 ಓಮ್ ಎಂಬ ಮೂರು ತುದಿಗಳನ್ನು ತೋರಿಸಿ ಅದನ್ನು ಸರಿಹೊಂದಿಸುತ್ತೇವಲ್ಲ, ಆ ಮೂರು ಎಲ್ಲಿ ಸಿಕ್ಕಿಸಿದೆವೋ ಅಲ್ಲಿಂದ ಅದರ ಲೆಕ್ಕ ಶುರು. ಅದಕ್ಕೇ ಎಳೆಯರು ಕೇಳಿದರೆ ನಾನು ಹೇಳುವುದು ಇಷ್ಟು. ಕೇಬಲ್ ಹೊಸದಾಗಿದ್ದ ದಿನವೇ ಆಚೆ ತುದಿ ಬರಿದು ಬಿಟ್ಟು ಒಮ್ಮೆ ಅಳೆದು ಬರೆದಿಡಿ. ಮರಳಿದ್ದು ಎಷ್ಟು ಡೆಸಿಬೆಲ್ ಕುಗ್ಗಿದೆಯೋ ಅದರ ಅರ್ಧ ನಿಮ್ಮ ಕೇಬಲ್ಲಿನ ನಷ್ಟ, ಏಕೆಂದರೆ ಸಂಕೇತ ಆ ದಾರಿಯನ್ನು ಎರಡು ಸಲ ಸವೆಸಿದೆ. ಪ್ರತಿ ಮಳೆಗಾಲದ ನಂತರ ಮತ್ತೆ ಅಳೆಯಿರಿ. ಕಾರಣವಿಲ್ಲದೆ ಅಂಕೆ ಸುಧಾರಿಸಿದರೆ ಮೊದಲು ಅನುಮಾನಿಸಿ. ಅಂಕೆಯ ಪಕ್ಕದಲ್ಲಿ ಅದನ್ನು ಎಲ್ಲಿ ನಿಂತು ತೆಗೆದದ್ದು, ಯಾರು ತೆಗೆದದ್ದು ಎಂಬುದನ್ನೂ ಬರೆಯಿರಿ. ಟವರ್ ಹತ್ತಿದವರ ಹೆಸರು ಆ ಸಾಲಿನಲ್ಲಿ ಇರಲೇಬೇಕು. ಇಷ್ಟೆಲ್ಲ ಆದ ಮೇಲೂ ದೂರದಲ್ಲಿರುವ ಒಬ್ಬರು ‘ಕೇಳುತ್ತಿಲ್ಲ’ ಎಂದರೆ, ಅವರ ಬ್ಯಾಟರಿಯನ್ನು ಪ್ರಶ್ನಿಸುವ ಮುಂಚೆ ನಿಮ್ಮ ಕೇಬಲ್ಲನ್ನು ಬಿಚ್ಚಿ ನೋಡಿ. ರೇಡಿಯೋ ಇರುವುದು ಅವರಿಗೆ ಕೇಳಲಿ ಎಂದೇ. ಆದ್ದರಿಂದ ಅವರ ಮಾತೂ ಒಂದು ಅಳತೆ, ಲಾಗ್‌ಬುಕ್ಕಿನಲ್ಲಿ ಅದಕ್ಕೆ ಮೊದಲ ಸಾಲು ಸಲ್ಲಬೇಕು.